ಮಾತು ಬಾರದ ಮಗುವಿನ ಮನಸ್ಸನ್ನು ಓದುವುದು

(ಆವನಿಯಲ್ಲಿ ಅಂಗನವಾಡಿ ಕಾರ್ಯಕರ್ತೆಯರು ಹಾಗೂ ತಾಯಂದಿರು ಸೇರಿದ್ದ ಸಭೆಯಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಪಠ್ಯ)



ನಾನು ಡಾಕ್ಟರಲ್ಲ. ಪತ್ರಿಕೋದ್ಯಮದ ಡಿಪ್ಲೊಮಾ ಮುಗಿಸಿ ಪತ್ರಿಕೆಯ ಕೆಲಸಕ್ಕೆ ಸೇರಿದ ವರದಿಗಾರ. ನನಗಿನ್ನೂ ಮಕ್ಕಳಿಲ್ಲ. ಹತ್ತಾರು ಮಕ್ಕಳನ್ನು ಎತ್ತಿ ಆಡಿಸಿದ ನಿಮ್ಮ ಮುಂದೆ ನಿಂತು ಮಕ್ಕಳ ವಿಷಯ ಮಾತನಾಡುವುದೆಂದರೆ ಆವನಿಯವರಿಗೇ ಆವನಿ ಬೆಟ್ಟದ ದಾರಿ ತೋರಿಸಿದ ಹಾಗೆ. ಆದರೂ ಈ ವಿಷಯದಲ್ಲಿ ನಾನು ಕೇಳಿ, ಓದಿ ತಿಳಿದುಕೊಂಡ ಕೆಲವು ಸಂಗತಿಗಳು ನಿಮ್ಮಂಥವರಿಗೇ ಮೊದಲು ತಲುಪಬೇಕಾದವು ಎನ್ನಿಸಿದ್ದರಿಂದ ಬಂದಿದ್ದೇನೆ.

ಇದನ್ನು ಹೇಳಲು ಈ ಊರು ತಕ್ಕ ಜಾಗ. ಕೆಳಗೆ ಹತ್ತನೆಯ ಶತಮಾನದ ಸುಮಾರಿಗೆ ನೊಳಂಬರ ಕಾಲದಲ್ಲಿ ಎದ್ದ ರಾಮಲಿಂಗೇಶ್ವರ ದೇವಾಲಯಗಳ ಸಮೂಹ, ಮೇಲೆ ಬೆಟ್ಟದಲ್ಲಿ ಸೀತೆಯ ಗುಡಿ. ಇಲ್ಲಿಯೇ ವಾಲ್ಮೀಕಿಯ ಆಶ್ರಮವಿತ್ತು, ಇಲ್ಲಿಯೇ ಲವ ಕುಶರು ಹುಟ್ಟಿದರು ಎಂದು ಸ್ಥಳಪುರಾಣ ಹೇಳುತ್ತದೆ. ಆ ಇಬ್ಬರು ಹುಡುಗರು ಹಾಡಿದ್ದು, ಬಿಲ್ಲು ಹಿಡಿದದ್ದು, ಕುದುರೆ ಕಟ್ಟಿದ್ದು ನಮಗೆಲ್ಲ ಗೊತ್ತು. ಆದರೆ ಅವರು ಕೂಸುಗಳಾಗಿದ್ದಾಗ ಯಾರು ನೋಡಿಕೊಂಡರು? ಗಂಡನ ಮನೆಯಿಂದ ದೂರವಾದ ಬಾಣಂತಿ, ಜೊತೆಗೆ ಎರಡು ಶಿಶುಗಳು. ಒಂದು ಅತ್ತರೆ ಇನ್ನೊಂದನ್ನು ಎತ್ತಿಕೊಂಡವರು ಯಾರು? ತಾಯಿಯ ಮನಸ್ಸು ಕುಸಿದ ದಿನ ಮಕ್ಕಳ ಮುಖ ನೋಡಿ ನಕ್ಕವರು ಯಾರು? ಆಶ್ರಮದಲ್ಲಿ ಯಾರೋ ಇದ್ದಿರಬೇಕು. ಕತೆ ಅವರ ಹೆಸರು ಹೇಳುವುದಿಲ್ಲ. ನನ್ನ ಇಂದಿನ ಮಾತು ಹಾಗೆ ಹೆಸರಿಲ್ಲದವರ ಬಗ್ಗೆ.

ಕೂಸಿಗೂ ಮನಸ್ಸಿನ ತೊಂದರೆ ಬರುತ್ತದೆಯೇ? ಈ ಪ್ರಶ್ನೆ ಮೊದಲು ಕಿವಿಗೆ ಬಿದ್ದಾಗ ನನಗೂ ನಗು ಬಂದಿತ್ತು. ಸಾಲವಿಲ್ಲ, ಪರೀಕ್ಷೆಯಿಲ್ಲ, ಬೋರ್‌ವೆಲ್ ಬತ್ತುವ ಚಿಂತೆಯಿಲ್ಲ, ಕೂಸಿಗೆಂಥ ಮನೋವ್ಯಥೆ ಎಂದುಕೊಂಡಿದ್ದೆ. ಆದರೆ ನಮ್ಮ ಹಿರಿಯರು ಹಾಗೆ ತಿಳಿದಿರಲಿಲ್ಲ. ಮೂರು ವರ್ಷದ ಬುದ್ಧಿ ನೂರು ವರ್ಷದ ತನಕ ಎಂಬ ಗಾದೆಯ ಅರ್ಥವೇನು? ಬುದ್ಧಿ ಮೂರು ವರ್ಷದೊಳಗೇ ರೂಪ ತಾಳುತ್ತದೆ ಎಂದಾದರೆ, ಅದು ಕೆಡುವುದಿದ್ದರೂ ಅಷ್ಟರೊಳಗೇ ಕೆಡಲು ತೊಡಗಬಹುದು ಎಂದೇ ಅಲ್ಲವೇ?

ಆಯುರ್ವೇದದಲ್ಲಿ ಮಕ್ಕಳ ಚಿಕಿತ್ಸೆಗೇ ಮೀಸಲಾದ ಪ್ರಾಚೀನ ಗ್ರಂಥ ಕಾಶ್ಯಪ ಸಂಹಿತೆ. ಅದರಲ್ಲಿ ವೇದನಾಧ್ಯಾಯವೆಂಬ ಒಂದು ಭಾಗವಿದೆ. ಮಾತು ಬಾರದ ಮಗುವಿಗೆ ಎಲ್ಲಿ ನೋವಾಗುತ್ತಿದೆ ಎಂಬುದನ್ನು ಅದರ ಚೇಷ್ಟೆಗಳಿಂದಲೇ ತಿಳಿಯುವುದು ಹೇಗೆ ಎಂಬುದೇ ಅದರ ವಿಷಯ. ತಲೆ ಹೊರಳಾಡಿಸುವ, ಕಿವಿ ಮುಟ್ಟಿಕೊಳ್ಳುವ ಕೂಸು ಏನು ಹೇಳುತ್ತಿದೆ ಎಂದು ಅಲ್ಲಿ ವಿಚಾರ ಮಾಡಲಾಗಿದೆ. ರೋಗಿ ಬಾಯಿ ಬಿಡಲಾರದಿದ್ದಾಗ ವೈದ್ಯ ಕಣ್ಣಿನಿಂದ ಕೇಳಿಸಿಕೊಳ್ಳಬೇಕು. ಇಂದಿನ ಶಿಶು ಮನೋವೈದ್ಯ ಮಾಡುವುದೂ ಇದನ್ನೇ.

ಪಶ್ಚಿಮದ ವೈದ್ಯಶಾಸ್ತ್ರ ಈ ಕಡೆ ಗಂಭೀರವಾಗಿ ತಿರುಗಿದ್ದು 20ನೆಯ ಶತಮಾನದ ನಡುಭಾಗದಲ್ಲಿ. 1943ರಲ್ಲಿ ಅಮೆರಿಕದ ಲಿಯೋ ಕ್ಯಾನರ್ ಎಂಬ ಮಕ್ಕಳ ಮನೋವೈದ್ಯ 11 ಮಕ್ಕಳ ವಿವರಗಳನ್ನು ಪ್ರಕಟಿಸಿದ. ಜನರ ನಡುವೆ ಇದ್ದೂ ಇಲ್ಲದಂತಿದ್ದ, ಒಂದೇ ಆಟವನ್ನು ಒಂದೇ ಕ್ರಮದಲ್ಲಿ ಆಡುತ್ತಿದ್ದ ಮಕ್ಕಳು ಅವರು. ಇಂದು ನಾವು ಆಟಿಸಂ ಅಥವಾ ಸ್ವಲೀನತೆ ಎನ್ನುವ ಸ್ಥಿತಿಯ ಮೊದಲ ವಿಸ್ತೃತ ವರ್ಣನೆಗಳಲ್ಲಿ ಅದೊಂದು. ಆ 11 ಮಕ್ಕಳಲ್ಲಿ ಮೊದಲನೆಯವನ ವಿಷಯದಲ್ಲಿ ಒಂದು ಸ್ವಾರಸ್ಯವಿದೆ. ಹುಡುಗನ ತಂದೆ ಮಗನ ಬಗ್ಗೆ 33 ಪುಟಗಳ ಪತ್ರವನ್ನು ಟೈಪ್ ಮಾಡಿಸಿ ಡಾಕ್ಟರಿಗೆ ಕಳಿಸಿದ್ದರು. ಏನು ತಿನ್ನುತ್ತಾನೆ, ಯಾವುದಕ್ಕೆ ಹೆದರುತ್ತಾನೆ, ಯಾವ ಮಾತನ್ನು ಮತ್ತೆ ಮತ್ತೆ ಹೇಳುತ್ತಾನೆ ಎಂಬ ವಿವರವೆಲ್ಲ ಅದರಲ್ಲಿತ್ತು. ಡಾಕ್ಟರು ಮಗುವನ್ನು ನೋಡುವ ಮುಂಚೆಯೇ ಮನೆಯವರು ನೋಡಿದ್ದರು, ನೋಡಿದ್ದನ್ನು ಬರೆದಿಟ್ಟಿದ್ದರು. ಡಾಕ್ಟರ ದೊಡ್ಡತನವೆಂದರೆ ಅದನ್ನು ನಂಬಿ ಓದಿದ್ದು.

1945ರಲ್ಲಿ ರೆನೆ ಸ್ಪಿಟ್ಜ್ ಎಂಬಾತ ಎರಡು ಕಡೆಯ ಕೂಸುಗಳನ್ನು ಹೋಲಿಸಿ ನೋಡಿದ. ಒಂದು ಕಡೆ ಅನಾಥ ಶಿಶುಗಳ ಆಶ್ರಮ. ಅಲ್ಲಿ ಹಾಲು, ಔಷಧಿ, ಶುಚಿತ್ವ ಯಾವುದಕ್ಕೂ ಕೊರತೆಯಿಲ್ಲ. ಆದರೆ ಹಲವು ಕೂಸುಗಳಿಗೆ ಒಬ್ಬಳೇ ದಾದಿ. ಇನ್ನೊಂದು ಕಡೆ ಸೆರೆಮನೆಯ ಶಿಶುವಿಹಾರ. ಅಲ್ಲಿ ಕೂಸುಗಳನ್ನು ಕೈದಿಗಳಾದ ತಾಯಂದಿರೇ ಎತ್ತಿ ಆಡಿಸುತ್ತಿದ್ದರು. ಸೆರೆಮನೆಯ ಮಕ್ಕಳು ನಡೆದವು, ನುಡಿದವು. ಆಶ್ರಮದ ಮಕ್ಕಳು ಮಂಕಾದವು, ಬೆಳವಣಿಗೆಯಲ್ಲಿ ಹಿಂದುಳಿದವು. ಅನೇಕ ಮಕ್ಕಳು ಬದುಕಲೇ ಇಲ್ಲ. ಹಾಲೊಂದರಿಂದ ಮಗು ಬೆಳೆಯದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 1951ರಲ್ಲಿ ಜಾನ್ ಬೌಲ್ಬಿ ವಿಶ್ವ ಆರೋಗ್ಯ ಸಂಸ್ಥೆಗೆ ಬರೆದ ವರದಿ ಈ ಮಾತನ್ನು ಜಗತ್ತಿಗೆಲ್ಲ ಮುಟ್ಟಿಸಿತು.

ಇದೆಲ್ಲ ಪರದೇಶದ ಮಾತಾಯಿತು, ನಮ್ಮಲ್ಲಿ ಹೇಗೆ ಎಂದು ನೀವು ಕೇಳಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಡಾ. ಶೋಭಾ ಶ್ರೀನಾಥ್ ಮತ್ತು ಅವರ ಸಹೋದ್ಯೋಗಿಗಳು ಬೆಂಗಳೂರಿನ ಮಧ್ಯಮ ವರ್ಗದ ಬಡಾವಣೆ, ಕೊಳೆಗೇರಿ ಹಾಗೂ ಹಳ್ಳಿಗಳಲ್ಲಿ ಹುಟ್ಟಿನಿಂದ 16 ವರ್ಷದವರೆಗಿನ 2,064 ಮಕ್ಕಳನ್ನು ಪರಿಶೀಲಿಸಿ 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೂರು ವರ್ಷದೊಳಗಿನವರಲ್ಲಿ ನೂರಕ್ಕೆ 13.8ರಷ್ಟು ಮಕ್ಕಳಿಗೆ ಏನಾದರೊಂದು ತೊಂದರೆ ಇತ್ತು. ನಾಲ್ಕು ವರ್ಷಕ್ಕೆ ಮೇಲ್ಪಟ್ಟವರಲ್ಲಿ ನೂರಕ್ಕೆ 12. ಅಂದರೆ ದೊಡ್ಡ ಮಕ್ಕಳಿಗಿಂತ ಕೂಸುಗಳಲ್ಲಿ ಕಡಿಮೆಯೇನೂ ಇರಲಿಲ್ಲ.

ಸಂಖ್ಯೆ ಕೇಳಿ ಗಾಬರಿಯಾಗಬೇಡಿ. ಆ ಚಿಕ್ಕ ಮಕ್ಕಳಲ್ಲಿ ಹೆಚ್ಚಾಗಿ ಕಂಡದ್ದು ನಿಮಗೆಲ್ಲ ಗೊತ್ತಿರುವಂಥವೇ. ಅತ್ತು ಅತ್ತು ಉಸಿರು ಕಟ್ಟಿ ನೀಲಿಗಟ್ಟುವುದು, ಮಣ್ಣು ಸುಣ್ಣ ತಿನ್ನುವುದು, ಮಾತು ತಡವಾಗುವುದು, ಬುದ್ಧಿಯ ಬೆಳವಣಿಗೆ ನಿಧಾನವಾಗುವುದು, ಹತೋಟಿಗೆ ಸಿಗದ ಹಟ. ಇವುಗಳಲ್ಲಿ ಕೆಲವು ತಾವಾಗಿ ಹೋಗುವಂಥವು. ಕೆಲವು ಹೋಗುವುದಿಲ್ಲ. ಯಾವುದು ಹೋಗುತ್ತದೆ, ಯಾವುದು ಉಳಿಯುತ್ತದೆ ಎಂದು ಬೇರ್ಪಡಿಸುವುದೇ ರೋಗನಿರ್ಣಯ.

ಉಸಿರು ಕಟ್ಟುವುದನ್ನೇ ನೋಡಿ. ನಮ್ಮಲ್ಲಿ ಇದನ್ನು ಬಾಲಗ್ರಹ ಎನ್ನುವವರಿದ್ದಾರೆ, ದೃಷ್ಟಿ ತಾಕಿದೆ ಎನ್ನುವವರಿದ್ದಾರೆ. ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವುದರಿಂದ ತಾಯಿಗೆ ಸಮಾಧಾನವಾದರೆ ನನ್ನ ಆಕ್ಷೇಪವಿಲ್ಲ. ಆದರೆ ಅಷ್ಟಕ್ಕೇ ನಿಲ್ಲಬಾರದು. ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆಯಿರುವ ಮಕ್ಕಳಲ್ಲಿ ಹೀಗೆ ಉಸಿರು ಕಟ್ಟುವುದೂ ಮಣ್ಣು ತಿನ್ನುವುದೂ ಹೆಚ್ಚು. ಅದು ರಕ್ತ ಪರೀಕ್ಷೆಯಿಂದ ತಿಳಿಯುತ್ತದೆ, ಔಷಧಿಯಿಂದ ಸರಿಹೋಗುತ್ತದೆ. ಅದು ಮೂರ್ಛೆರೋಗವೋ ಅಲ್ಲವೋ ಎಂಬುದನ್ನೂ ಡಾಕ್ಟರೇ ನೋಡಿ ಹೇಳಬೇಕು.

ಹಾಗಾದರೆ ಮನಸ್ಸಿನ ತೊಂದರೆಯನ್ನು ಪತ್ತೆ ಮಾಡುವುದು ಹೇಗೆ? ಸಕ್ಕರೆ ಕಾಯಿಲೆಗೆ ರಕ್ತ ಪರೀಕ್ಷೆ ಇದ್ದ ಹಾಗೆ, ಮೂಳೆ ಮುರಿದರೆ ಎಕ್ಸ್‌ರೇ ಇದ್ದ ಹಾಗೆ ಇದಕ್ಕೆ ಯಾವ ಯಂತ್ರವೂ ಇಲ್ಲ. ಬಲ್ಲ ತಜ್ಞರು ಮೊದಲು ಬಸುರು, ಹೆರಿಗೆ, ಹಾಲೂಟ, ನಿದ್ದೆ, ಮನೆಯ ಕಷ್ಟಸುಖ ಎಲ್ಲವನ್ನೂ ಕೇಳುತ್ತಾರೆ. ನಂತರ ನೆಲದ ಮೇಲೆ ಆಟದ ಸಾಮಾನು ಹಾಕಿ ಮಗುವನ್ನು ಬಿಡುತ್ತಾರೆ. ಅದು ಏನು ಮಾಡುತ್ತದೆ ಎಂಬುದನ್ನಷ್ಟೇ ಅಲ್ಲ, ಯಾರ ಕಡೆ ನೋಡುತ್ತದೆ, ಬಿದ್ದರೆ ಯಾರ ಹತ್ತಿರ ಓಡುತ್ತದೆ, ಹೊಸ ಗೊಂಬೆ ಸಿಕ್ಕರೆ ಯಾರಿಗೆ ತೋರಿಸುತ್ತದೆ ಎಂಬುದನ್ನೂ ಗಮನಿಸುತ್ತಾರೆ. ಕಿವಿ, ಕಣ್ಣುಗಳ ಪರೀಕ್ಷೆ ಮಾಡಿಸುತ್ತಾರೆ. ಒಂದೇ ಭೇಟಿಗೆ ತೀರ್ಮಾನ ಹೇಳಲು ಆತುರಪಡುವುದಿಲ್ಲ. ದೊಡ್ಡವರಿಗಾಗಿ ಮಾಡಿದ ರೋಗಗಳ ಪಟ್ಟಿ ಕೂಸುಗಳಿಗೆ ಹೊಂದದೆಂದು 1994ರಲ್ಲಿ ಅಮೆರಿಕದಲ್ಲಿ ಮೂರು ವರ್ಷದವರೆಗಿನ ಮಕ್ಕಳಿಗಾಗಿಯೇ ಬೇರೆ ವರ್ಗೀಕರಣ ಬಂತು. 2016ರಲ್ಲಿ ಅದನ್ನು ಐದು ವರ್ಷದವರೆಗೆ ವಿಸ್ತರಿಸಿದರು. ಅದರ ವೈಶಿಷ್ಟ್ಯವೆಂದರೆ ಮಗುವನ್ನು ಮಾತ್ರವಲ್ಲದೆ, ಮಗುವಿಗೂ ಸಾಕುವವರಿಗೂ ನಡುವಿನ ಸಂಬಂಧವನ್ನೂ ಪರಿಶೀಲಿಸಬೇಕೆಂದು ಅದು ಹೇಳುತ್ತದೆ.

ಮನೆಯಲ್ಲಿ ನೀವು ಗಮನಿಸಬಹುದಾದ ಕೆಲವು ಗುರುತುಗಳಿವೆ. ಎರಡು ಮೂರು ತಿಂಗಳಿಗೆ ಮಗು ಮುಖ ನೋಡಿ ನಗಬೇಕು. ಒಂಬತ್ತು ತಿಂಗಳ ಹೊತ್ತಿಗೆ ಹೆಸರು ಕರೆದರೆ ತಿರುಗಬೇಕು. ವರ್ಷದ ಆಸುಪಾಸಿನಲ್ಲಿ ಕೈಚಾಚುವುದು, ಟಾಟಾ ಮಾಡುವುದು, ಬೆರಳು ತೋರಿಸುವುದು ಬರಬೇಕು. ಒಂದೂವರೆ ವರ್ಷಕ್ಕೆ ಕೆಲವು ಬಿಡಿ ಮಾತುಗಳು, ಎರಡು ವರ್ಷಕ್ಕೆ ಎರಡು ಮಾತು ಜೋಡಿಸಿ ಹೇಳುವುದು. ಇವುಗಳಲ್ಲಿ ಒಂದಷ್ಟು ಹಿಂದುಮುಂದಾಗುವುದು ಸಹಜ. ಆದರೆ ಬಂದಿದ್ದ ಮಾತು, ಬಂದಿದ್ದ ನಗು ಹಿಂದೆ ಸರಿದರೆ, ಯಾವ ವಯಸ್ಸಿನಲ್ಲೇ ಆಗಲಿ, ಕಾಯಬಾರದು.

ಆಟಿಸಂ ಇರಬಹುದೇ ಎಂದು ನೋಡಲು 16ರಿಂದ 30 ತಿಂಗಳ ಮಕ್ಕಳಿಗಾಗಿ ಎಂ-ಚಾಟ್ ಎಂಬ ಪ್ರಶ್ನಾವಳಿ ಇದೆ. ತಾಯ್ತಂದೆಯರೇ ಹೌದು ಅಥವಾ ಇಲ್ಲ ಎಂದು ಉತ್ತರಿಸಬೇಕು. ಆದರೆ ಅದು ರೋಗನಿರ್ಣಯವಲ್ಲ. ರಾಗಿಯನ್ನು ಜರಡಿ ಹಿಡಿದ ಹಾಗೆ ಅದು. ಜರಡಿಯಲ್ಲಿ ಉಳಿದದ್ದೆಲ್ಲ ಕಲ್ಲಲ್ಲ, ಕೈಯಲ್ಲಿ ಹಿಡಿದು ಮತ್ತೊಮ್ಮೆ ನೋಡಬೇಕು.

ಇಲ್ಲಿ ನಮ್ಮ ಮನೆಯದೇ ಒಂದು ಸಂಗತಿ ಹೇಳುತ್ತೇನೆ. ನಮ್ಮಕ್ಕನ ಮಗನಿಗೆ ಎರಡೂವರೆ ವರ್ಷವಾದರೂ ಮಾತು ಬರಲಿಲ್ಲ. ಹೆಸರು ಕರೆದರೆ ತಿರುಗುತ್ತಿರಲಿಲ್ಲ. ಅವರಪ್ಪನೂ ಮಾತಾಡಿದ್ದು ನಾಲ್ಕು ವರ್ಷಕ್ಕೇ ಎಂದು ಅಜ್ಜಿ ಸಮಾಧಾನ ಹೇಳಿದರು. ಅಕ್ಕನಿಗೆ ತಾಳಲಾಗದೆ ಒಂದು ಕ್ಲಿನಿಕ್ಕಿಗೆ ಕರೆದೊಯ್ದಳು. ಐದು ನಿಮಿಷ ನೋಡಿ ಆಟಿಸಂ ಎಂದು ಬರೆದುಕೊಟ್ಟರು. ಮನೆಯಲ್ಲಿ ವಾರಗಟ್ಟಲೆ ಒಲೆ ಸರಿಯಾಗಿ ಉರಿಯಲಿಲ್ಲ. ಆಗ ಅವರ ಬೀದಿಯ ಅಂಗನವಾಡಿ ಟೀಚರಮ್ಮ ಒಂದು ಮಾತು ಹೇಳಿದರು: "ಇವನು ನನ್ನ ಮುಖವನ್ನೇ ನೋಡ್ತಾನೆ. ಕಲ್ಲು ಸಿಕ್ಕರೂ ತಂದು ತೋರಿಸ್ತಾನೆ, ನಾನು ನಕ್ಕರೆ ನಗ್ತಾನೆ. ಬಾಗಿಲು ಧಡಾರಂದರೆ ತಿರುಗ್ತಾನೆ, ಹಿಂದಿನಿಂದ ಮೆಲ್ಲಗೆ ಕರೆದರೆ ತಿರುಗೊಲ್ಲ. ಮೊದಲು ಕಿವಿ ತೋರಿಸಮ್ಮ." ಪರೀಕ್ಷೆ ಮಾಡಿಸಿದಾಗ ಎರಡೂ ಕಿವಿ ಮಂದವಾಗಿದ್ದವು. ಈಗ ಶ್ರವಣ ಸಾಧನ ಹಾಕಿಕೊಂಡು ಶಾಲೆಗೆ ಹೋಗುತ್ತಾನೆ, ಬೇಕಾದಷ್ಟು ಮಾತಾಡುತ್ತಾನೆ.

ಡಾಕ್ಟರನ್ನು ಹೀಗಳೆಯಲು ನಾನಿದನ್ನು ಹೇಳುತ್ತಿಲ್ಲ. ನಿಜವಾಗಿ ಆಟಿಸಂ ಇರುವ ಮಗುವನ್ನು ಕಿವಿ ಮಂದ ಎಂದುಕೊಂಡು, ಮೊಂಡುತನ ಎಂದುಕೊಂಡು ಕಾಲ ಕಳೆಯುವುದೂ ಉಂಟು. ಎರಡೂ ತಪ್ಪುಗಳಿಗೆ ಕಾರಣ ಒಂದೇ. ನೋಡಿದ ಹೊತ್ತು ಸಾಲದು, ದಿನವೂ ನೋಡಿದವರನ್ನು ಕೇಳಲಿಲ್ಲ.

ನಮ್ಮ ಸೀಮೆಯಲ್ಲಿ ಎಚ್ಚರ ವಹಿಸಬೇಕಾದ ಇನ್ನೊಂದು ವಿಷಯವಿದೆ. ಮುಳಬಾಗಿಲು, ಶ್ರೀನಿವಾಸಪುರಗಳ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಕೆಲವು ಮನೆಗಳಲ್ಲಿ ಉರ್ದು ಅಥವಾ ತಮಿಳು. ಅಂಗನವಾಡಿಯಲ್ಲಿ ಕನ್ನಡ. ಎರಡು ಭಾಷೆ ಕೇಳಿದ್ದಕ್ಕೇ ಮಗುವಿಗೆ ಮಾತು ನಿಂತಿತು ಎಂಬುದು ತಪ್ಪು ತಿಳಿವಳಿಕೆ. ಎರಡು ಭಾಷೆ ಮಾತಿನ ದೋಷವನ್ನು ಉಂಟುಮಾಡುವುದಿಲ್ಲ. ಆದರೆ ಮನೆಯಲ್ಲಿ ತೆಲುಗಿನಲ್ಲಿ ಹತ್ತು ಮಾತಾಡುವ ಮಗುವನ್ನು ಕನ್ನಡದಲ್ಲಿ ಕೇಳಿ ಇದಕ್ಕೆ ಮಾತೇ ಇಲ್ಲ ಎಂದು ಬರೆದುಬಿಡುವುದು ಅನ್ಯಾಯ. ಮಗುವಿನ ಮಾತನ್ನು ಮಗುವಿನ ಮನೆಯ ಭಾಷೆಯಲ್ಲಿಯೇ ಅಳೆಯಬೇಕು.

ಇನ್ನು ಮೊಬೈಲು. ನರಸಾಪುರದ ಕಾರ್ಖಾನೆಗಳ ಬಸ್ಸಿಗೆ, ಬೆಂಗಳೂರಿನ ರೈಲಿಗೆ ಕತ್ತಲಲ್ಲೇ ಎದ್ದು ಹೋಗುವ ತಾಯ್ತಂದೆಯರ ಜಿಲ್ಲೆ ನಮ್ಮದು. ಮೊಣಕಾಲು ನೋವಿನ ಅಜ್ಜಿ ಎಷ್ಟು ಹೊತ್ತು ಎತ್ತಿಕೊಂಡಾರು? ಕೈಗೆ ಫೋನು ಕೊಟ್ಟರೆ ಮಗು ಸುಮ್ಮನಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಹೀಗೆ: ಎರಡು ವರ್ಷದೊಳಗೆ ಫೋನು, ಟಿವಿ ಬೇಡವೇ ಬೇಡ; ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು. ಫೋನು ಮಗುವಿನ ಮುಂದೆ ಹಾಡುತ್ತದೆ, ಆದರೆ ಮಗು ನಕ್ಕರೆ ಅದು ತಿರುಗಿ ನಗುವುದಿಲ್ಲ.

ತಿರುಗಿ ನಗುವುದು ಎಷ್ಟು ಮುಖ್ಯ ಎಂಬುದನ್ನು ಎಡ್ವರ್ಡ್ ಟ್ರೋನಿಕ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1970ರ ದಶಕದಲ್ಲಿ ತೋರಿಸಿದರು. ಕೂಸಿನೊಡನೆ ನಗುತ್ತ ಆಡುತ್ತಿದ್ದ ತಾಯಿ ಕೆಲವು ನಿಮಿಷ ಮುಖದಲ್ಲಿ ಯಾವ ಭಾವವೂ ಇಲ್ಲದೆ ಕೂರಬೇಕು. ಕೂಸು ಮೊದಲು ನಗುತ್ತದೆ, ಕೂಗುತ್ತದೆ, ಕೈ ಚಾಚುತ್ತದೆ. ತಾಯಿ ಅಲುಗಾಡದಿದ್ದರೆ ಮುಖ ತಿರುಗಿಸಿಕೊಳ್ಳುತ್ತದೆ, ಕೊನೆಗೆ ಅಳುತ್ತದೆ. ತಾಯಿ ಮತ್ತೆ ನಕ್ಕು ಎತ್ತಿಕೊಂಡರೆ ನಿಧಾನವಾಗಿ ಸುಧಾರಿಸಿಕೊಳ್ಳುತ್ತದೆ. ಪ್ರಯೋಗ ಕೆಲವು ನಿಮಿಷದ್ದು. ಆದರೆ ಹೆರಿಗೆಯ ನಂತರ ಖಿನ್ನತೆಗೆ ಸಿಲುಕಿದ ತಾಯಿಯ ಮುಖ ತಿಂಗಳುಗಟ್ಟಲೆ ಹಾಗಿರಬಹುದು. ಆಗ ಮಗು ಮಂಕಾದರೆ ಮಗುವಿಗೊಂದು ರೋಗದ ಹೆಸರು ಹುಡುಕುವ ಮುಂಚೆ ತಾಯಿಯನ್ನು ವಿಚಾರಿಸಬೇಕು.

ಇದು ತಾಯಿಯನ್ನು ದೂರುವ ಮಾತಲ್ಲ. ಆಟಿಸಂಗೆ ತಾಯಿಯ ತಣ್ಣನೆಯ ನಡವಳಿಕೆಯೇ ಕಾರಣ ಎಂದು ಪಶ್ಚಿಮದ ಕೆಲವು ಪಂಡಿತರು ಬಹುಕಾಲ ಬೋಧಿಸಿ ಸಾವಿರಾರು ತಾಯಂದಿರನ್ನು ಕಣ್ಣೀರಲ್ಲಿ ನೆನೆಸಿದರು. ಅದು ಶುದ್ಧ ತಪ್ಪೆಂದು ಮುಂದೆ ತಿಳಿಯಿತು. ಆಟಿಸಂ ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು, ಅದರಲ್ಲಿ ಅನುವಂಶೀಯತೆಯ ಪಾಲು ದೊಡ್ಡದು. ಇಂಥ ಮಗುವನ್ನು ಹೆತ್ತಳೆಂದು ಸೊಸೆಯನ್ನು ಹಳಿಯುವ ಅತ್ತೆಯರು ಇಲ್ಲಿ ಯಾರಾದರೂ ಇದ್ದರೆ ಈ ಮಾತನ್ನು ಮನೆಗೆ ತೆಗೆದುಕೊಂಡು ಹೋಗಬೇಕು.

ಕರ್ನಾಟಕದಲ್ಲಿಯೇ ಇದಕ್ಕೊಂದು ಒಳ್ಳೆಯ ಮಾದರಿ ಇದೆ. 2009ರಲ್ಲಿ ಡಾ. ಪ್ರಭಾ ಚಂದ್ರ ಅವರ ಮುಂದಾಳತ್ವದಲ್ಲಿ ನಿಮ್ಹಾನ್ಸ್ ತಾಯಿ ಮತ್ತು ಮಗುವಿಗೆಂದೇ ಒಂದು ವಾರ್ಡು ತೆರೆಯಿತು. ದೇಶದಲ್ಲಿ ಅಂಥದ್ದು ಅದೇ ಮೊದಲು. ತಾಯಿಯ ಮನಸ್ಸು ಕೆಟ್ಟಾಗ ಕೂಸನ್ನು ಕಿತ್ತುಕೊಂಡು ಊರಿಗೆ ಕಳಿಸುವ ಬದಲು ಇಬ್ಬರನ್ನೂ ಒಟ್ಟಿಗೆ ಸೇರಿಸಿಕೊಂಡು ಚಿಕಿತ್ಸೆ ಕೊಡುತ್ತಾರೆ. ತಾಯಿ ಮಗುವನ್ನು ಹೇಗೆ ಎತ್ತಿಕೊಳ್ಳುತ್ತಾಳೆ, ಮಗು ಅವಳ ದನಿಗೆ ಹೇಗೆ ಓಗೊಡುತ್ತದೆ ಎಂದು ನೋಡುತ್ತ ಇಬ್ಬರನ್ನೂ ಸುಧಾರಿಸುತ್ತಾರೆ. ಈ ಬೆಟ್ಟದ ಆಶ್ರಮದಲ್ಲಿ ಸೀತೆಗೂ ಅವಳ ಕೂಸುಗಳಿಗೂ ಒಟ್ಟಿಗೆ ಆಸರೆ ಸಿಕ್ಕಿತ್ತೆಂದು ನಂಬುವ ನಿಮಗೆ ಅದರ ಮರ್ಮವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ನೋಡಬೇಕು. ಬೆಳವಣಿಗೆಯ ಕುಂಠಿತವೂ ಅವರು ನೋಡಬೇಕಾದ ಪಟ್ಟಿಯಲ್ಲಿದೆ. ಅನುಮಾನವಿದ್ದರೆ ಮುಂದಿನ ಪರೀಕ್ಷೆ, ಚಿಕಿತ್ಸೆ ಉಚಿತ. ಅವರು ಬಂದ ದಿನ ಮಗುವನ್ನು ಮನೆಯಲ್ಲಿ ಇರಿಸಿಕೊಳ್ಳಬೇಡಿ. ಕಿವಿ, ಮಾತಿನ ತೊಂದರೆಗೆ 1965ರಿಂದ ನಡೆಯುತ್ತಿರುವ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಸುಮಾರು ನೂರು ಕಿಲೋಮೀಟರ್ ದೂರದಲ್ಲಿ ನಿಮ್ಹಾನ್ಸ್ ಇದೆ. ಅಷ್ಟು ದೂರ ಹೋಗುವ ಮೊದಲು ಕೇಳಬೇಕೆಂದರೆ 14416ಕ್ಕೆ ಫೋನು ಮಾಡಬಹುದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಉಚಿತ ಸೇವೆ ಅದು, ಕನ್ನಡದಲ್ಲಿಯೂ ಮಾತನಾಡುತ್ತಾರೆ. ಆಟಿಸಂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸೇರಿದೆ. ಸರ್ಟಿಫಿಕೇಟು ಮಾಡಿಸುವುದು ಅವಮಾನವಲ್ಲ, ಅದು ಮಗುವಿನ ಹಕ್ಕು.

ಟೀಚರಮ್ಮಂದಿರಿಗೆ ಒಂದು ಮಾತು. ಕರ್ನಾಟಕಕ್ಕೆ ಅಂಗನವಾಡಿ ಬಂದದ್ದು 1975ರಲ್ಲಿ, ಮೊದಲು ಟಿ. ನರಸೀಪುರದಲ್ಲಿ. ಅಂದಿನಿಂದ ನೀವು ತೂಕ ಬರೆದಿದ್ದೀರಿ, ಎತ್ತರ ಬರೆದಿದ್ದೀರಿ, ಮೊಟ್ಟೆಯ ಲೆಕ್ಕ ಬರೆದಿದ್ದೀರಿ. ಬೆಳವಣಿಗೆಯಲ್ಲಿ ಹಿಂದುಳಿದ ಮಕ್ಕಳನ್ನು ಗುರುತಿಸುವ ಕೆಲಸವನ್ನೂ ಕೇಂದ್ರ ಸರ್ಕಾರ 2023ರಲ್ಲಿ ನಿಮ್ಮ ಪಾಲಿಗೆ ಸೇರಿಸಿದೆ. ಇರುವ ಗೌರವಧನಕ್ಕೆ ಇದು ಇನ್ನೊಂದು ಹೊರೆ ಎಂಬುದು ನನಗೆ ಗೊತ್ತು. ಆ ಹೊರೆಗೆ ತಕ್ಕ ತರಬೇತಿಯನ್ನೂ ಸಂಬಳವನ್ನೂ ಕೇಳುವ ಹಕ್ಕು ನಿಮಗಿದೆ, ಕೇಳಿ. ಆದರೆ ನೀವು ನೋಡಿದ್ದನ್ನು ಬರೆದಿಡುವುದನ್ನು ಅಲ್ಲಿಯವರೆಗೆ ಮುಂದೂಡಬೇಡಿ. ಇಂಥ ದಿನದಿಂದ ನಗು ಕಡಿಮೆಯಾಯಿತು, ಬೇರೆ ಮಕ್ಕಳ ಹತ್ತಿರ ಹೋಗುವುದಿಲ್ಲ, ತಾಯಿ ಬಂದರೂ ಏಳುವುದಿಲ್ಲ ಎಂದು ಒಂದೊಂದು ಸಾಲು. ತಾಯಿ ಆಸ್ಪತ್ರೆಗೆ ಹೊರಟಾಗ ಆ ಹಾಳೆಯನ್ನು ಅವಳ ಕೈಗೆ ಕೊಡಿ. ಆ ತಂದೆ ಬರೆದ 33 ಪುಟಗಳೇ ಬೇಕಿಲ್ಲ, ಒಂದು ಪುಟ ಸಾಕು.

ಡಾಕ್ಟರು ಒಂದು ಹೆಸರು ಹೇಳಿದರೆ ಅದು ಮಗುವಿನ ಹಣೆಬರಹವಲ್ಲ. ಯಾವ ಸಹಾಯ ಬೇಕೆಂದು ತಿಳಿಯಲು ಹೇಳುವ ಹೆಸರು ಅದು. ಬೇಗ ತಿಳಿದಷ್ಟೂ ಕಲಿಸುವುದಕ್ಕೆ ಕಾಲ ಹೆಚ್ಚು ಸಿಗುತ್ತದೆ, ಏಕೆಂದರೆ ಮಿದುಳು ಅತಿ ವೇಗವಾಗಿ ಬೆಳೆಯುವ ವರ್ಷಗಳು ಇವೇ. ಸಂಜೆ ಮನೆಗೆ ಹೋದಮೇಲೆ ತೊಡೆಯ ಮೇಲಿನ ಮಗುವಿನ ಮುಖವನ್ನು ಐದು ನಿಮಿಷ ಸುಮ್ಮನೆ ನೋಡಿ. ಅದು ನಿಮ್ಮನ್ನು ನೋಡುತ್ತಿದೆಯೇ? ನೋಡುತ್ತಿದ್ದರೆ ಮಾತಾಡಿಸಿ. ನೋಡುತ್ತಿಲ್ಲವೆಂದು ಅನುಮಾನ ಬಂದರೆ ನಾಳೆ ಟೀಚರಮ್ಮನಿಗೆ ಹೇಳಿ.